ಅರಿಷಿಣ ಇಲ್ಲದ ಉಪ್ಪಿನಕಾಯಿ

ಗೌರಿ ಹುಣ್ಣಿಮೆಗೆಂದು ತವರಿಗೆ ಬಂದ ಚಂದ್ರವ್ವನಿಗೆ ಆಗ ಮೂರು ತಿಂಗಳು. ಚೊಚ್ಚಲ ಬಸಿರು. ಬಂದು ಒಂಬತ್ತು ದಿನವಾದರೂ ಅವಳ ಹೊಟ್ಟೆಯಲ್ಲಿ ಒಂದು ತುತ್ತು ನಿಂತಿರಲಿಲ್ಲ. ಆ ಒಂಬತ್ತು ದಿನಗಳನ್ನು ಬೆರಳು ಮಡಚಿ ಎಣಿಸಿದವಳು ತಾಯಿ ಗುರುಲಿಂಗವ್ವ.

ಕಲಾದಗಿಯ ಆ ಮನೆಯಲ್ಲಿ ತಿನ್ನುವುದಕ್ಕೇನೂ ಕೊರತೆಯಿರಲಿಲ್ಲ. ಶೇಂಗಾ ಹೋಳಿಗೆ ಆಯಿತು, ಹೆಸರುಬೇಳೆ ಕಿಚಡಿ ಆಯಿತು, ಗಂಜಿಯೂ ಆಯಿತು. ತಾಟು ಹೋದ ಹಾಗೇ ವಾಪಸು ಬರುತ್ತಿತ್ತು, ಇಲ್ಲವೇ ಚಂದ್ರವ್ವ ಎರಡು ತುತ್ತು ತಿಂದು ಬಚ್ಚಲಿಗೆ ಓಡುತ್ತಿದ್ದಳು. ಸೋಮವಾರ ಬಾಗಲಕೋಟೆಗೆ ಕರೆದೊಯ್ದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ಗುರುವಾರತನಕ ನೋಡ್ರಿ. ಆವಾಗೂ ಏನೂ ನಿಲ್ಲಲಿಲ್ಲಂದ್ರ ದವಾಖಾನಿಗೆ ಹಾಕಿ ಸಲೈನ್ ಏರಸೂದ. ಹಿಂಗ ಸೊರಗಿದ್ರ ಕೂಸಿಗೂ ಚಲೋ ಅಲ್ಲ" ಎಂದರು.

ಬಸ್ಸಿನಲ್ಲಿ ಹಿಂತಿರುಗುವಾಗ ಚಂದ್ರವ್ವ ನಾಲ್ಕು ಸಲ ಕಿಟಕಿಯಿಂದ ತಲೆ ಹೊರಹಾಕಿದಳು. ಮನೆಗೆ ಬಂದವಳೇ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಗುರುಲಿಂಗವ್ವ ಅವಳ ಅಂಗಾಲು ತಿಕ್ಕುತ್ತ ಕೂತಳು.

"ಏನರ ತಿನ್ನಬೇಕ ಅನಸ್ತೈತೇನ ನನ್ನವ್ವಾ? ಬಯಕಿ ಮುಚ್ಚಿ ಇಡಬಾರದು. ಕೂಸಿನ ಕಿವಿ ಸೋರತಾವು."

ಚಂದ್ರವ್ವ ಈ ಕಡೆ ಹೊರಳಿದಳು.

"ನೀ ಸಿಟ್ಟ ಆಗಬ್ಯಾಡ ಮತ್ತ. ನಮ್ಮ ಅತ್ತಿ ಮಾಡ್ತಾರಲ್ಲ, ಹಸಿ ಉಪ್ಪಿನಕಾಯಿ. ಗಜ್ಜರಿ, ಮೂಲಂಗಿ ಹಾಕಿ... ಅದು."

ಅಂಗಾಲು ತಿಕ್ಕುತ್ತಿದ್ದ ಕೈ ನಿಂತಿತು.

ಆ ಉಪ್ಪಿನಕಾಯಿಯನ್ನು ಗುರುಲಿಂಗವ್ವ ಒಮ್ಮೆ ತಿಂದಿದ್ದಳು. ಮಗಳ ಮದುವೆಯಾದ ಹೊಸತರಲ್ಲಿ, ಹೋದ ವರ್ಷ, ಗುಳೇದಗುಡ್ಡದ ಬೀಗರ ಮನೆಗೆ ಊಟಕ್ಕೆ ಹೋದಾಗ. ಅವರದು ನೇಕಾರರ ಮನೆ. ಒಳಗೇ ಎರಡು ಮಗ್ಗ, ಕುಬಸದ ಖಣ ನೇಯುತ್ತಾರೆ. ಬೀಗತಿ ಶಾರವ್ವ ರೊಟ್ಟಿಯ ಬದಿಗೆ ಸ್ವಲ್ಪ ಉಪ್ಪಿನಕಾಯಿ ಇಟ್ಟಳು. ಅದರಲ್ಲಿ ಎಣ್ಣೆಯ ಹನಿಯಿರಲಿಲ್ಲ, ಒಗ್ಗರಣೆಯಿರಲಿಲ್ಲ, ಅರಿಷಿಣವೂ ಇರಲಿಲ್ಲ. ವರ್ಷದ ಉಪ್ಪಿನಕಾಯಿಗೆ ಕೊಡಗಟ್ಟಲೆ ಕುಸುಬಿ ಎಣ್ಣೆ ಸುರಿಯುವ ಮನೆಯಿಂದ ಬಂದ ಗುರುಲಿಂಗವ್ವ, ಪಂಕ್ತಿಯೆಲ್ಲ ಕೇಳುವ ಹಾಗೆ ನಕ್ಕಳು. "ಏನ್ರಿ ಬೀಗ್ತೆರ, ಒಗ್ಗರಣಿ ಹಾಕೂದು ಮರತ್ರೇನು? ಎಣ್ಣಿ ಇಲ್ಲದಿದ್ರ ಹೇಳ್ರಿ, ಕಲಾದಗಿಯಿಂದ ಕಳಸ್ತೇನಿ."

ಬೀಗರಲ್ಲಿ ಇಂಥ ಮಾತು ಹೊಸದಲ್ಲ. ಎಲ್ಲರೂ ನಕ್ಕರು. ಶಾರವ್ವನೂ ನಕ್ಕಳು. ಆದರೆ ಅಂದಿನಿಂದ ಅವಳು ಕಲಾದಗಿಯ ಹೊಸ್ತಿಲು ತುಳಿದಿರಲಿಲ್ಲ. ಕರೆದಾಗಲೆಲ್ಲ ಮಗನನ್ನು ಕಳಿಸಿ, ಮಗ್ಗದ ಕೆಲಸ ಐತಿ ಎಂದು ಹೇಳಿಸುತ್ತಿದ್ದಳು.

"ಅದೇನ ದೊಡ್ಡ ಮಾತು? ನಾ ಮಾಡ್ತೇನಿ ಬಿಡು" ಎಂದಳು ಗುರುಲಿಂಗವ್ವ.

ಮಂಗಳವಾರ ಬೆಳಿಗ್ಗೆ ಕಾಯಿಪಲ್ಯ ಮಾರುವ ರಂಜಾನಬಿಯ ಬುಟ್ಟಿಯಿಂದ ಎಳೆ ಗಜ್ಜರಿ, ಮೂಲಂಗಿ ಆರಿಸಿಕೊಂಡಳು. ಈಳಿಗೆಯ ಮೇಲೆ ಕಡ್ಡಿ ಕಡ್ಡಿಯಾಗಿ ಹೆಚ್ಚಿದಳು. ಉಪ್ಪು, ಖಾರ, ಲಿಂಬೆ ಹಾಕಿದಳು, ಅರಿಷಿಣ ಉದುರಿಸಿದಳು. ಕೊನೆಗೆ ಕೈ ತನ್ನ ಪಾಡಿಗೆ ತಾನು ಒಗ್ಗರಣೆ ಸೌಟನ್ನು ಒಲೆಯ ಮೇಲಿಟ್ಟಿತು. ಸಾಸಿವೆ ಚಟಪಟ ಅನ್ನುವುದಕ್ಕೂ ಒಳಕೋಣೆಯಿಂದ ಚಂದ್ರವ್ವ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುವುದಕ್ಕೂ ಸರಿಹೋಯಿತು.

ಮಧ್ಯಾಹ್ನ ಮತ್ತೊಮ್ಮೆ ಮಾಡಿದಳು. ಈ ಸಲ ಒಗ್ಗರಣೆಯಿಲ್ಲ, ಹಸಿ ಎಣ್ಣೆ ಒಂದೇ ಚಮಚ. ಅರಿಷಿಣವನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಮುತ್ತೈದೆ, ಅದರಲ್ಲೂ ಬಸುರಿ. ಅವಳ ತಾಟಿಗೆ ಅರಿಷಿಣ ಸೋಕದ ಪದಾರ್ಥ ಬಡಿಸುವುದು ಹೇಗೆ? ಅಪಶಕುನವೆನಿಸಿ ಒಂದು ಚಿಟಿಕೆ ಹಾಕಿಯೇಬಿಟ್ಟಳು. ಚಂದ್ರವ್ವ ಒಂದು ಎಳೆ ನಾಲಿಗೆಗೆ ಮುಟ್ಟಿಸಿ, ತಾಟು ದೂರ ಸರಿಸಿದಳು.

"ಇದಲ್ಲ ಯವ್ವಾ."

"ಮತ್ತ ಅದರಾಗ ಏನ ಹಾಕ್ತಾರ ಅದರ ಹೇಳು."

"ನನಗೇನ ಗೊತ್ತು? ನಾ ಹೊರಗ ಮಗ್ಗದ ಎಳಿ ಕಂಡಿಕಿಗೆ ಸುತ್ತಕೋತ ಕುಂತಿರ್ತೇನಿ. ಒಳಗ ಅವರೊಬ್ಬರ ಇರ್ತಾರ. ಬಾಟ್ಲಿ ಕುಲಕೂ ಸಪ್ಪಳಾ ಅಷ್ಟ ಕೇಳತೈತಿ. ಆ ಸಪ್ಪಳಾ ಕೇಳಿದ್ರನ ಬಾಯಾಗ ನೀರ ಬರತೈತಿ ನೋಡು." ಹಾಗೆ ಹೇಳುವಾಗ ಮಾತ್ರ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಸಂಜೆ ಹೊಲದಿಂದ ಬಂದ ಗಂಡ ಹೊಳಬಸಪ್ಪ ಎಲ್ಲವನ್ನೂ ಕೇಳಿ ಮೀಸೆ ಒರೆಸಿಕೊಂಡ.

"ಹೋಗಿ ಕೇಳಿ ಬಾ. ಬೀಗರ ಮನಿ ಬಾಗಲಾ ನಿನ್ನ ನುಂಗತೈತೇನು?"

"ನೀವ ಹೋಗ್ರಿ."

"ನಾ ಹೋಗಿ ಏನಂತ ಕೇಳಲಿ, ಉಪ್ಪಿನಕಾಯಿ ಹೆಂಗ ಮಾಡ್ತೀರಿ ಅಂತನ? ಅವತ್ತ ಅಂದಾಕಿ ನೀ. ಇವತ್ತ ಹೋಗಾಕಿನೂ ನೀನ."



ಬುಧವಾರ ಗುರುಲಿಂಗವ್ವ ಮೊದಲನೆಯ ಬಸ್ಸಿಗೆ ಹೊರಟಳು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ರೂಢಿಯಂತೆ ಬಾಟಲಿಗೆ ಕುಸುಬಿ ಎಣ್ಣೆ ತುಂಬಿದಳು. ಬಿರಡೆ ಹಾಕುವಾಗ ತಾನು ಅಂದ ಮಾತು ನೆನಪಾಗಿ, ಎಣ್ಣೆಯನ್ನು ಮತ್ತೆ ಡಬ್ಬಿಗೆ ಸುರಿದಳು. ಬದಲಿಗೆ ಹಿತ್ತಲ ಗಿಡದ ಲಿಂಬೆಹಣ್ಣು ಹದಿನೈದು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿದಳು. ದಾರಿಯುದ್ದಕ್ಕೂ ಏನೆಂದು ಮಾತು ಶುರು ಮಾಡಲಿ ಎಂದು ಯೋಚಿಸಿದಳು. ಗುಳೇದಗುಡ್ಡದಲ್ಲಿ ಇಳಿದಾಗಲೂ ಅದು ಬಗೆಹರಿದಿರಲಿಲ್ಲ.

ಓಣಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು. ಶಾರವ್ವ ಪಡಸಾಲೆಯಲ್ಲಿ ರಾಟಿ ಮುಂದಿಟ್ಟುಕೊಂಡು, ಲಾಳಿಗೆ ಹಾಕುವ ಕಂಡಿಕೆಗೆ ಬಿಳಿ ರೇಶ್ಮೆ ಎಳೆ ಸುತ್ತುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ನೋಡಿದಳು. ರಾಟಿ ನಿಲ್ಲಿಸಲಿಲ್ಲ.

"ಬರ್ರಿ ಬೀಗ್ತೆರ. ಎಣ್ಣಿ ತಂದ್ರೇನು?"

ಒಂದು ವರ್ಷ ಕಾದಿಟ್ಟ ಮಾತು. ಗುರುಲಿಂಗವ್ವ ಚೀಲ ಕೆಳಗಿಟ್ಟಳು.

"ಇಲ್ರಿ. ಬಾಯಿ ಒಂದ ತಂದೇನಿ. ಅದೂ ಒಣಗಿ ಹೋಗೇತಿ."

ಮಗ್ಗದ ಕುಣಿಯಲ್ಲಿ ಕೂತಿದ್ದ ಅಳಿಯ ಹುಚ್ಚೇಶ ಲಾಳಿ ಹಿಡಿದುಕೊಂಡೇ ಕತ್ತೆತ್ತಿದ. "ಚಂದ್ರಿ ಹೆಂಗದಾಳ್ರಿ ಅತ್ತಿ?"

ಬಸ್ಸಿನಲ್ಲಿ ಜೋಡಿಸಲು ನೋಡಿದ ಮಾತುಗಳೆಲ್ಲ ಬಿದ್ದುಹೋದವು. ಗುರುಲಿಂಗವ್ವ ನಿಂತಲ್ಲೇ ಹೇಳಿದಳು: ಹನ್ನೊಂದು ದಿನವಾಯಿತು, ನಾಳೆ ಗುರುವಾರ, ದವಾಖಾನಿಗೆ ಹಾಕಬೇಕಂತಾರೆ, ಅವಳು ಕೇಳುವುದು ಒಂದೇ, ನಿಮ್ಮ ಕೈಯ ಹಸಿ ಉಪ್ಪಿನಕಾಯಿ, ನಾನು ಎರಡು ಸಲ ಮಾಡಿ ಕೆಡಿಸಿದೆ.

ರಾಟಿ ನಿಂತಿತು.

"ಹುಚ್ಚೇಶ, ಪ್ಯಾಟಿಗೆ ಹೋಗಿ ಗಜ್ಜರಿ ಮೂಲಂಗಿ ತಗೊಂಡ ಬಾ. ಎಳೇವು ಇರ್ಲಿ" ಎಂದು ಶಾರವ್ವ ಎದ್ದೇಬಿಟ್ಟಳು. "ಇಷ್ಟಾಗೂತನಕ ಹೇಳಿ ಕಳಸಬಾರದೇನ್ರಿ? ಅಕಿ ನನಗೇನ ಪರಕೀನ?"

"ನೀವ ಒಂದ ಬಾಟ್ಲಿ ಮಾಡಿ ಕೊಡ್ರಿ, ಒಯ್ತೇನಿ."

"ಒಯ್ದ್ರ ಬರೂದಿಲ್ಲ. ಹಸಿ ಸಾಸಿವಿ ಘಾಟು ಒಂದ ತಾಸ ಇರತೈತಿ, ಎರಡ ತಾಸ ಇರತೈತಿ, ಆಮ್ಯಾಲ ಸತ್ತ ಹೋಗತೈತಿ. ಸಂಜಿಗೆ ಕಲಾದಗಿ ಮುಟ್ಟೂದ್ರಾಗ ಬರೇ ಉಪ್ಪನೀರ. ನೀವ ಕಲತ ಹೋಗ್ರಿ. ಕುಂಡ್ರಿ."

ಹಾಗೆ ಐವತ್ತರ ಹತ್ತಿರದ ಗುರುಲಿಂಗವ್ವ ಬೀಗತಿಯ ಅಡುಗೆಮನೆಯಲ್ಲಿ ಈಳಿಗೆಯ ಮುಂದೆ ಕೂತಳು. ಹೆಚ್ಚಿದ ಕಡ್ಡಿಗಳಿಗೆ ಶಾರವ್ವ ಉಪ್ಪು ಹಾಕಿಸಿದಳು. ಸ್ವಚ್ಛ ಧೋತರದ ತುಂಡಿನಲ್ಲಿ ಗಂಟು ಕಟ್ಟಿಸಿ, ಮೇಲೆ ಗುಂಡುಕಲ್ಲು ಇಡಿಸಿದಳು. ನೀರು ಬಸಿಯುವಷ್ಟರಲ್ಲಿ ಹಸಿ ಸಾಸಿವೆ, ನಾಲ್ಕು ಎಸಳು ಬಳ್ಳೊಳ್ಳಿ, ಹಣ್ಣಾದ ಕೆಂಪು ಮೆಣಸಿನಕಾಯಿ ಒರಳಲ್ಲಿ ಕುಟ್ಟಿಸಿದಳು. ಘಾಟಿಗೆ ಗುರುಲಿಂಗವ್ವನ ಕಣ್ಣಲ್ಲಿ ನೀರು ಬಂತು. ಅಳುವುದಿದ್ದರೂ ಗೊತ್ತಾಗುತ್ತಿರಲಿಲ್ಲ. ನೀರು ಹಿಂಡಿದ ಕಡ್ಡಿಗಳನ್ನು ಗುರುಲಿಂಗವ್ವ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಕುಟ್ಟಿದ್ದನ್ನು ಹಾಕಿ, ಲಿಂಬೆ ಹಿಂಡಿದಳು. ಆಮೇಲೆ ಅವಳ ಬಲಗೈ ಯಾರೂ ಹೇಳದೆ ಗೂಡಿನಲ್ಲಿದ್ದ ಮಸಾಲೆ ಡಬ್ಬಿಯ ಕಡೆ ಹೋಯಿತು.

ಶಾರವ್ವ ಆ ಕೈಮೇಲೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟಳು. "ಹಿಂದ ತಗೀರಿ."

"ಒಂದ ಚಿಟಿಕಿರಿ. ಬಸರಿ ಹೆಣಮಗಳು..."

ಶಾರವ್ವ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಖಣ ತಂದು ಬಿಡಿಸಿದಳು. ಕೆಂಪು ಅಂಚು, ನಡುವೆ ಸಾಲಾಗಿ ಬಿಳಿ ರೇಶ್ಮೆಯ ಚುಕ್ಕಿಗಳು. ಒಂದು ಮೂಲೆಯಲ್ಲಿ ಆ ಚುಕ್ಕಿಗಳೆಲ್ಲ ಮಾಸಿದ ಹಳದಿ.

"ನಾ ಈ ಮನಿಗೆ ಸೊಸಿಯಾಗಿ ಬಂದ ಹೊಸದಾಗಿ ಮಾಡಿದ ಕೆಲಸ. ಉಪ್ಪಿನಕಾಯಿ ಕಲಸಿದ ಕೈ ತೊಳಕೊಂಡ ಬಂದು ಕಂಡಿಕಿ ಸುತ್ತಿದೆ. ಎಷ್ಟ ತೊಳದ್ರೂ ಉಗರ ಸಂದ್ಯಾಗ ಅರಿಷಿಣ ಉಳದಿತ್ತು, ಎಣ್ಣೀನೂ. ನೇಯ್ದ ಮ್ಯಾಲ ಕಾಣಿಸ್ತು. ಮಾವ ಒಂದ ಮಾತ ಅನಲಿಲ್ರಿ. ಬರೇ ಮಡಚಿ ನನ್ನ ಕೈಯಾಗ ಕೊಟ್ರು. ಅಂದಿಂದ ಕೆಲಸದ ಹೊತ್ತಿನ್ಯಾಗ ನಮ್ಮ ಮನ್ಯಾಗ ಎಣ್ಣಿ ಇಲ್ಲ, ಅರಿಷಿಣ ಇಲ್ಲ, ಕೈ ಹಾಕಿ ಕಲಸೂದೂ ಇಲ್ಲ. ಅದಕ್ಕ ಈ ಬಾಟ್ಲಿ."

ಗುರುಲಿಂಗವ್ವ ಆ ಹಳದಿ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು. ತನ್ನ ಉಗುರನ್ನೂ ನೋಡಿಕೊಂಡಳು. ಮೂವತ್ತು ವರ್ಷದ ಅಡುಗೆ ಅಲ್ಲಿ ಹಳದಿಯಾಗಿ ಕೂತಿತ್ತು.

"ಅವತ್ತ ನಾ ಅಂದದ್ದು, ಬೀಗ್ತೆರ..."

"ಅಂದ್ರಿ. ನಾನೂ ಒಂದ ವರ್ಷ ಅದನ್ನ ಅಗದೆ. ಈಗ ಈ ಗಜ್ಜರಿ ಅಗದ ನೋಡ್ರಿ, ಉಪ್ಪ ಸಾಕೇನು. ಮದಲ ಬಾಟ್ಲಿ ಕುಲಕ್ರಿ. ನೂರ ಸಲ. ಕೈ ನೋವಾಗ್ತೈತಿ ಅಂತ ಬಿಟ್ರ ನಡಿಯೂದಿಲ್ಲ."

ಗುರುಲಿಂಗವ್ವ ಕುಲುಕಿದಳು. ಎಂಬತ್ತಕ್ಕೇ ಕೈ ಸೋತು ನಿಲ್ಲಿಸಿದಾಗ, ಮಗ್ಗದಿಂದ ಹುಚ್ಚೇಶ ಕೂಗಿದ. "ಇನ್ನ ಇಪ್ಪತ್ತ ಅದಾವ್ರಿ ಅತ್ತಿ, ನಾ ಎಣಸಾಕತ್ತೇನಿ!"

ಹೊರಡುವಾಗ ಶಾರವ್ವ ಆ ಬಾಟಲಿಯನ್ನೇ ಬರಿದು ಮಾಡಿ, ತೊಳೆದು, ಒರೆಸಿ, ಚೀಲದಲ್ಲಿಟ್ಟಳು. "ಅಕಿ ಹೊಟ್ಟಿಗೆ ಕಾದ ಎಣ್ಣಿ ವಾಸನಿ ಆಗೂದಿಲ್ಲ ಕಾಣಸ್ತೈತಿ. ಮನ್ಯಾಗ ನಾಕ ದಿನ ಒಗ್ಗರಣಿ ಬಂದ ಮಾಡ್ರಿ."

ಹೊತ್ತು ಮುಳುಗುವ ಮೊದಲು ಗುರುಲಿಂಗವ್ವ ಮನೆ ಸೇರಿದಳು. ಕಾಲು ತೊಳೆದವಳೇ ಈಳಿಗೆ ಎಳೆದುಕೊಂಡಳು. ನಿನ್ನೆ ಉಳಿದ ಗಜ್ಜರಿ ಮೂಲಂಗಿ ಹೆಚ್ಚಿದಳು, ಕಲ್ಲು ಹೇರಿದಳು, ಕುಟ್ಟಿದಳು, ಹಿಂಡಿದಳು. ಅರಿಷಿಣದ ಡಬ್ಬಿಯನ್ನು ಮೊದಲೇ ಮೇಲಿನ ಗೂಡಿಗೆ ಏರಿಸಿದ್ದಳು. ಆದರೂ ಮನಸ್ಸು ತಡೆಯದೆ ಎದ್ದು ಹೋಗಿ, ಮಲಗಿದ್ದ ಮಗಳ ಎರಡೂ ಗಲ್ಲಕ್ಕೆ ಅರಿಷಿಣ ಸವರಿ ಬಂದಳು. ಸಾಬೂನು ಹಚ್ಚಿ ಕೈ ತೊಳೆದು, ಬಾಟಲಿಯ ಮುಚ್ಚಳ ಬಿಗಿದು, ಕುಲುಕಲು ಶುರು ಮಾಡಿದಳು.

ಅರವತ್ತು ಸಲ ಆಗಿರಬೇಕು. ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಚಂದ್ರವ್ವ ಗೋಡೆ ಹಿಡಿದು ನಿಂತಿದ್ದಳು, ಕೈಯಲ್ಲಿ ತಾಟು.

"ಅತ್ತಿ ಬಂದಾರೇನ ಯವ್ವಾ?"

"ಇಲ್ಲ. ಕುಂಡ್ರು."

ಅರ್ಧ ತಾಸು ನೆನೆಯಲಿ ಎಂದು ಶಾರವ್ವ ಹೇಳಿ ಕಳಿಸಿದ್ದಳು. ಚಂದ್ರವ್ವ ಅಷ್ಟು ಹೊತ್ತು ಕಾಯಲಿಲ್ಲ. ಬೆಳಗಿನ ತಣ್ಣನೆಯ ರೊಟ್ಟಿ ಮುರಿದು, ಒಂದು ತುತ್ತು, ಇನ್ನೊಂದು ತುತ್ತು. ಘಾಟು ನೆತ್ತಿಗೇರಿ ಕಣ್ಣು ಮುಚ್ಚಿ, "ಹಾ" ಎಂದು ಬಾಯಿ ತೆರೆದಳು. ಅರ್ಧ ರೊಟ್ಟಿ ಮುಗಿಯಿತು. ಗುರುಲಿಂಗವ್ವ ಬಚ್ಚಲ ದಾರಿಗೆ ಅಡ್ಡವಾಗಿದ್ದ ಕೊಡ ಸರಿಸಿ, ಪಕ್ಕದಲ್ಲಿ ಕೂತು ಕಾದಳು. ಚಂದ್ರವ್ವ ನೀರು ಕುಡಿದಳು. ಗೋಡೆಗೆ ಒರಗಿದಳು. ಏಳಲಿಲ್ಲ. ಹೊರಗೆ ದನ ಬಂದವು, ಹೊಳಬಸಪ್ಪ ಅವನ್ನು ಕಟ್ಟಿದ, ಹಾಲು ಹಿಂಡುವ ಸದ್ದು ಕೇಳಿ ನಿಂತಿತು. ಆಗಲೂ ಅವಳು ಏಳಲಿಲ್ಲ. ಕೂತಲ್ಲೇ ನಿದ್ದೆ ಹತ್ತಿತ್ತು.

ಗುರುವಾರ ಬೆಳಿಗ್ಗೆ ಹೊಳಬಸಪ್ಪ ಕೋಟು ಹಾಕಿಕೊಂಡು ಬಾಗಲಕೋಟೆಗೆ ಹೊರಡಲು ತಯಾರಾಗಿ ನಿಂತ.

"ಗಡಬಡ ಮಾಡಬ್ಯಾಡ್ರಿ" ಎಂದಳು ಗುರುಲಿಂಗವ್ವ. "ಮುಂಜಾನೆ ಹೊಸದ ಮಾಡಿ ಕೊಟ್ಟೆ, ಎದ್ದಾಕಿನ ಇನ್ನರ್ಧ ತಿಂದಾಳ. ಅದೂ ನಿಂತೈತಿ. ಬಸ್ಸಿಗೆ ಕುಂಡ್ರಿಸಿ ಕುಲುಕೂದ ಬ್ಯಾಡ. ನೀವೊಬ್ಬರ ಹೋಗಿ ಡಾಕ್ಟರಿಗೆ ಹೇಳಿ ಬರ್ರಿ. ಬರೂ ಮುಂದ ಗಜ್ಜರಿ ತಗೊಂಡ ಬರ್ರಿ. ಮತ್ತ ಗುಳೇದಗುಡ್ಡದ ಬಸ್ಸಿನ್ಯಾಗ ಯಾರರ ಗುರ್ತಿನವರ ಸಿಕ್ರ ಬೀಗ್ತೆರಿಗೆ ಹೇಳಿ ಕಳಸ್ರಿ, ಒಂದ ರೊಟ್ಟಿ ನಿಂತೈತಿ ಅಂತ."

"ಆತು. ಮದಲ ನನಗೊಂದ ರೊಟ್ಟಿ ಕೊಡು." ತಾಟಿನ ಬದಿಗಿದ್ದ ಬಿಳಿ ಕೆಂಪು ಕಡ್ಡಿಗಳನ್ನು ನೋಡಿ ಅವನು ಮೂಗು ಮುರಿದ. "ಇದರ ಮ್ಯಾಲ ಒಂದೀಟ ಎಣ್ಣಿ ಹಾಕ, ಮಾರಾಯ್ತಿ."

"ಎಣ್ಣಿ ಬೇಕಂದ್ರ ತಾಟ ತಗೊಂಡ ಹೊರಗ ಕಟ್ಟಿ ಮ್ಯಾಲ ಹೋಗ್ರಿ" ಎಂದು ಗುರುಲಿಂಗವ್ವ ಬಾಟಲಿಯ ಮುಚ್ಚಳ ಬಿಗಿದಳು.