ಗುಂಡಣ್ಣನ ಹಸಿರು ಪೆಡಲು

"ತಿರುಪು ಮಾತ್ರ ಮುಟ್ಟಬೇಡಿ ಭಾವ, ಅವರು ಹೆಂಗಿಟ್ಟಿದ್ರೋ ಹಂಗೇ ಇರಲಿ," ಎಂದು ವಿನೋದಾ ಹೇಳಿ ಮುಗಿಸುವಷ್ಟರಲ್ಲಿ ವಿಷ್ಣುತೀರ್ಥರು ಪ್ಲಗ್ಗು ಕಿತ್ತು, ವೈರುಗಳನ್ನು ಸುತ್ತಿ, ನೆಲದ ಮೇಲಿದ್ದ ಹಸಿರು ಡಬ್ಬಿಯನ್ನು ಕಾಲಿನಿಂದಲೇ ಗೋಡೆಯ ಕಡೆಗೆ ತಳ್ಳಿ ಆಗಿತ್ತು. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿದ್ದಂತೆಯೇ ಹೋಗಿಬಿಟ್ಟ ತಮ್ಮ ಗುಂಡಣ್ಣನನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಬೇಕಿತ್ತು. ತ್ರಿಪ್ಲಿಕೇನಿನ ಆ ಮನೆಯಲ್ಲಿ ಒಬ್ಬ ಮನುಷ್ಯ ಉದ್ದಕ್ಕೆ ಮಲಗಿ, ಸುತ್ತ ನಾಲ್ಕು ಜನ ನಿಲ್ಲುವಂತಿದ್ದದ್ದು ಹಾಲ್ ಒಂದೇ. ಅದರಲ್ಲೂ ಅರ್ಧ ಜಾಗವನ್ನು ಗಿಟಾರು, ಅದರ ಸ್ಪೀಕರು, ಈ ಡಬ್ಬಿ ಹಿಡಿದುಕೊಂಡಿದ್ದವು.

"ಕಾಲಲ್ಲಿ ಯಾಕೆ ತಳ್ಳಿದ್ರಿ?" ಎಂದು ಕೇಳಿದಳು ವಿನೋದಾ.

"ಕಾಲಲ್ಲಿ ತುಳಿಯೋಕೇ ಅಂತ ಮಾಡಿರೋ ಸಾಮಾನಮ್ಮ ಅದು," ಎಂದರು ವಿಷ್ಣುತೀರ್ಥರು.

ಆ ಮಾತು ನಿಜವಾಗಿದ್ದುದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಗಂಡ ಸತ್ತ ದಿನ ಹೆಂಡತಿಗೆ ಅಳು ಬರಬೇಕು. ಅವಳಿಗೆ ಬೆಳಗಿನಿಂದ ಬರುತ್ತಿದ್ದದ್ದು ಬರೀ ಸಿಟ್ಟು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಅವಳಿಗೂ ಆಗುತ್ತಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಜನ ಸೇರಿದರು. ಗುಂಡಣ್ಣನ ಜೊತೆ ರೈಲ್ವೆಯಲ್ಲಿ ಲೆಕ್ಕ ಬರೆದವರು, ಮಠದ ಕಡೆಯವರು, ಮೇಲಿನ ಮನೆಯವರು. ಬಂದವರೆಲ್ಲ ಚಪ್ಪಲಿ ಬಿಟ್ಟು, ಒಂದು ಸುತ್ತು ಬಂದು, ಅವಳ ಮುಂದೆ ನಿಂತು ಒಂದೇ ಮಾತು ಹೇಳಿದರು.

"ಸದ್ದೇ ಇಲ್ಲದ ಮನುಷ್ಯ ಪಾಪ. ಆಫೀಸಲ್ಲಿ ಇದ್ದಿದ್ದೇ ಗೊತ್ತಾಗ್ತಿರಲಿಲ್ಲ."

"ಹೋಗೋವಾಗ್ಲೂ ಅಷ್ಟೇ ನೋಡಿ, ಒಬ್ಬರಿಗೂ ತೊಂದ್ರೆ ಇಲ್ಲ."

ವಿನೋದಾ ತಲೆ ಆಡಿಸಿದಳು, ಹಲ್ಲು ಕಚ್ಚಿಕೊಂಡಳು. ಕಳೆದ ಒಂದು ವಾರ ಬೆಳಿಗ್ಗೆ, ಸಂಜೆ ಅವನ ಗಿಟಾರಿನಲ್ಲಿ ಅದೇ ಎರಡು ಸಾಲು ಕೇಳಿ ಕೇಳಿ ಅವಳ ತಲೆ ಸಿಡಿದು ಹೋಗಿತ್ತು. ಸದ್ದೇ ಇಲ್ಲದ ಮನುಷ್ಯನಂತೆ. ಮೂವತ್ತು ವರ್ಷ ಸ್ಟೇಜಿನ ಮೇಲೆ ಗಿಟಾರು ಹಿಡಿದು ನಿಂತವನನ್ನು, ಇದ್ದದ್ದೇ ಗೊತ್ತಾಗುತ್ತಿರಲಿಲ್ಲ ಎಂದು ಹೊಗಳುತ್ತಾರಲ್ಲ, ಇವರಿಗೆ ಏನು ಹೇಳುವುದು?

ಮಗಳು ಶ್ರೀಯಾ ಪಕ್ಕಕ್ಕೆ ಬಂದು ಕೂತಳು. ಅಂಬತ್ತೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅವಳು ಏನೇ ಆದರೂ ಮುಂದಿನ ಕೆಲಸ ಯಾವುದು ಎಂದು ಯೋಚಿಸುವ ಪೈಕಿ; ಮಾತಿನಲ್ಲಿ ಅರ್ಧ ತಮಿಳು.

"ಅಮ್ಮಾ, ಆ ಪೆಡಲ್ ಟ್ರಯಲ್‌ಗೆ ತಂದಿದ್ದು ತಾನೇ? ಅಪ್ಪ ರಿಟರ್ನ್ ಪಣ್ಣಣುಂ ಅಂತ ಹೇಳಿದ್ರು. ಮಂಡೇ ನಾನೇ ಕೊಟ್ಟು ಬರ್ತೀನಿ."

"ನೀನು ಸುಮ್ನಿರು," ಎಂದಳು ವಿನೋದಾ.

*

ರಿದಂ ಗಿಟಾರು ಎಂದರೆ ಹಾಡಿನ ಹಿಂದೆ ನಿಂತು ತಾಳಕ್ಕೆ ಸರಿಯಾಗಿ ಕೈ ಆಡಿಸುವ ಕೆಲಸ. ಸರಿಯಾಗಿ ಮಾಡಿದರೆ ಯಾರಿಗೂ ಕೇಳಿಸುವುದಿಲ್ಲ, ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ. ಗುಂಡಣ್ಣ ಈ ಕೆಲಸವನ್ನು ಮದುವೆ ಮನೆಗಳಲ್ಲಿ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ತಪ್ಪಿಲ್ಲದೆ ಮಾಡಿಕೊಂಡು ಬಂದಿದ್ದ. ಈ ಸಲ ಆರ್ಕೆಸ್ಟ್ರಾದ ಮುಖ್ಯ ಗಿಟಾರಿನವನು ದುಬೈಗೆ ಹೋದದ್ದರಿಂದ, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಂದು ಹಾಡಿನ ಎರಡು ಚರಣಗಳ ನಡುವೆ ಒಬ್ಬನೇ ನುಡಿಸುವ ಪುಟ್ಟ ಜಾಗ ಅವನ ಪಾಲಿಗೆ ಬಂತು. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ.

ಮೊದಲ ದಿನದ ತಾಲೀಮಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ಸ್ವರ ಮೀಟಿದ ಕೂಡಲೇ ಸತ್ತುಹೋಗುತ್ತದೆ, ಮುಂದಿನ ಸ್ವರದ ತನಕ ಬರುವುದೇ ಇಲ್ಲ ಎಂದ. ಸೌಂಡ್ ನೋಡಿಕೊಳ್ಳುವ ಅಂದಾನಿ, ಕಂಪ್ರೆಸರ್ ಪೆಡಲು ಹಾಕಿ ನೋಡಿ ಸಾರ್ ಎಂದಿದ್ದನಂತೆ. ರಾಯಪೇಟೆಯ ಅಂಗಡಿಯವನು ಪರಿಚಯದ ಮೇಲೆ ಒಂದು ವಾರ ನೋಡಿ ಎಂದು ಕೊಟ್ಟ. ಹಸಿರು ಡಬ್ಬಿ, ಮೇಲೆ ಸಾಲಾಗಿ ತಿರುಪುಗಳು, ಕೆಳಗೆ ಕಾಲಲ್ಲಿ ಒತ್ತಲು ಎರಡು ಗುಂಡಿ. ಒಂದು ಕಂಪ್ರೆಸರ್, ಒತ್ತಿದರೆ ಜೋರು ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತಿ, ಸ್ವರವನ್ನು ಇನ್ನಷ್ಟು ಹೊತ್ತು ನಿಲ್ಲಿಸುತ್ತದೆ. ಇನ್ನೊಂದು ಬೂಸ್ಟ್, ಒಟ್ಟು ಸದ್ದನ್ನೇ ಒಂದು ಮೆಟ್ಟಿಲು ಮೇಲೆತ್ತುತ್ತದೆ. ಬೂಸ್ಟ್ ಯಾರಿಗಾದರೂ ಕೇಳಿಸುತ್ತದೆ. ತಾಪತ್ರಯ ಇದ್ದದ್ದು ಕಂಪ್ರೆಸರಿನದು.

"ವಿನೋದಾ, ಇಲ್ಲಿ ಬಾ. ಕಣ್ಣು ಮುಚ್ಚಿಕೋ. ಇದು ಒಂದು." ಮೀಟಿದ. "ಇದು ಎರಡು." ಮೀಟಿದ. "ಯಾವುದು ಚೆನ್ನಾಗಿದೆ?"

ಕಣ್ಣಿನ ಡಾಕ್ಟರು ಗಾಜು ಬದಲಿಸಿ ಬದಲಿಸಿ ಕೇಳುವ ಹಾಗೆ ಕೇಳುತ್ತಿದ್ದ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು.

"ಎರಡೂ ಒಂದೇ ಥರ ಇದೇರಿ."

"ಸರಿಯಾಗಿ ಕೇಳು. ಕಡೇಲಿ ಎಷ್ಟು ಹೊತ್ತು ನಿಲ್ಲತ್ತೆ ನೋಡು."

ಹೀಗೆ ದಿನಕ್ಕೆ ಹತ್ತು ಸಲ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕರೆಯುವುದು, ಮೀಟುವುದು. ಕೊನೆಗೊಂದು ದಿನ ತಪ್ಪಿಸಿಕೊಂಡರೆ ಸಾಕು ಎಂದು ವಿನೋದಾ, "ಎರಡನೇದು ಚೆನ್ನಾಗಿದೆ, ಸ್ವರ ಚೆನ್ನಾಗಿ ನಿಲ್ಲತ್ತೆ," ಎಂದುಬಿಟ್ಟಳು.

ಗುಂಡಣ್ಣ ಕಾಲಿನ ಕಡೆ ನೋಡಿಕೊಂಡ. ಪೆಡಲಿನ ಪುಟ್ಟ ದೀಪ ಉರಿಯುತ್ತಿರಲಿಲ್ಲ. "ಎರಡು ಸಲವೂ ಆಫ್ ಇತ್ತು ಕಣೆ," ಎಂದ. ಬೈಯಲಿಲ್ಲ, ನಗಲೂ ಇಲ್ಲ. ಗಿಟಾರನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಊಟಕ್ಕೆ ಕೂತ.

*

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅಂದಾನಿ ಬಂದ. ಆರ್ಕೆಸ್ಟ್ರಾದ ಪರವಾಗಿ ದೊಡ್ಡ ಗುಲಾಬಿ ಹಾರ ತಂದಿದ್ದ. ಹಾರ ಹಾಕಿ, ವಿಷ್ಣುತೀರ್ಥರ ಹತ್ತಿರ ಹೋಗಿ, "ಬಹಳ ದೊಡ್ಡ ಕಲಾವಿದರು ಸಾರ್," ಎಂದ. ವಿಷ್ಣುತೀರ್ಥರು ವಾಚು ನೋಡಿಕೊಂಡರು. ಕೃಷ್ಣಾಂಪೇಟೆಯ ಚಿತಾಗಾರದಲ್ಲಿ ಹೇಳಿಟ್ಟ ಹೊತ್ತು ಹತ್ತಿರವಾಗುತ್ತಿತ್ತು, ಪುರೋಹಿತರು ಇನ್ನೂ ದಾರಿಯಲ್ಲಿದ್ದರು.

ವಿನೋದಾ ಅಂದಾನಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಇವನಿಗೆ ಗೊತ್ತಿರಲೇಬೇಕು, ಇವನ ಕೆಲಸವೇ ಕೇಳಿಸಿಕೊಳ್ಳುವುದು.

"ಆ ಪೆಡಲು ತಗೊಂಡು ಭಾನುವಾರ ರಿಹರ್ಸಲ್‌ಗೆ ಬಂದಿದ್ರಲ್ಲ. ವ್ಯತ್ಯಾಸ ಇತ್ತಾ?"

"ಸೂಪರಾಗಿ ಇತ್ತಮ್ಮ. ಸಾರ್ ಕೈ ಅಂದ್ರೆ ಕೇಳಬೇಕಾ."

"ಅಂದಾನಿ, ನಂಗೆ ಹೊಗಳಿಕೆ ಬೇಡ. ಬೆಳಿಗ್ಗೆಯಿಂದ ಅದೇ ಕೇಳಿ ಸಾಕಾಗಿದೆ. ಆ ಡಬ್ಬಿ ಹಾಕಿದ್ರೆ ಸ್ವರ ನಿಲ್ತಾ ಇತ್ತಾ, ಇಲ್ವಾ? ಅವರು ನಿನ್ನೆ ರಾತ್ರಿ ಅದು ತಮ್ಮ ಭ್ರಮೆ ಅಂದುಕೊಂಡು ಮಲಗಿದ್ರು. ಭ್ರಮೆ ಹೌದೋ ಅಲ್ವೋ, ಅಷ್ಟು ಹೇಳು."

ಅಂದಾನಿ ಒಳಗೆ ಹಾಲ್‌ನ ಕಡೆ ನೋಡಿದ, ನೆಲ ನೋಡಿದ. ಒಳ್ಳೆಯ ಮನುಷ್ಯ, ಸುಳ್ಳು ಅವನ ಬಾಯಲ್ಲಿ ಎರಡನೆಯ ಸಲಕ್ಕೆ ನಿಲ್ಲುತ್ತಿರಲಿಲ್ಲ.

"ನಿಜ ಹೇಳ್ಬೇಕಂದ್ರೆ ಅಮ್ಮ, ನಾನು ಕೇಳಲಿಲ್ಲ. ಮಿಕ್ಸರಲ್ಲಿ ಸಾರ್ ಚಾನೆಲ್ ಓಪನ್ ಇರಲಿಲ್ಲ. ಈಗೆಲ್ಲ ಲ್ಯಾಪ್‌ಟಾಪಿಂದ ರೆಕಾರ್ಡ್ ಆಗಿರೋ ಟ್ರ್ಯಾಕ್ ಹಾಕಿಬಿಡ್ತೀವಿ, ರಿದಂ ಎಲ್ಲಾ ಅದರಲ್ಲೇ ಬರತ್ತೆ. ಸಾರ್ ಗಿಟಾರನ್ನ ಅವರ ಕಾಲಡಿ ಸ್ಪೀಕರಿಗೆ ಮಾತ್ರ ಬಿಡ್ತಿದ್ದೆ. ಹೊರಗೆ ಹೋಗ್ತಿರಲಿಲ್ಲ."

"ಎಷ್ಟು ದಿನದಿಂದ?"

"ಕೊರೋನಾ ಆದ್ಮೇಲಿಂದ." ಅಂದಾನಿ ಕಣ್ಣೊರೆಸಿಕೊಂಡ. "ಸೋಲೋ ದಿನ ಫುಲ್ ಓಪನ್ ಮಾಡ್ಬೇಕು ಅಂತಿದ್ದೆ ಅಮ್ಮ, ದೇವರಾಣೆ."

ವಿನೋದಾಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಕಾರ್ಯಕ್ರಮಗಳಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದ, ಎಷ್ಟು ಸಲ ಬಂದು ಇವತ್ತು ಚೆನ್ನಾಗಿ ಕೂತಿತು ಎಂದಿದ್ದ. ಹೊರಗಡೆ ಒಬ್ಬರಿಗೂ ಕೇಳಿಸದೆ. ಬೈಯಬೇಕೆಂದು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಪುರೋಹಿತರು ಬಂದರು, ಅಂದಾನಿ ಬದುಕಿದೆನೆಂದು ಹೊರಗೆ ಹೋಗಿ ಗಂಡಸರ ಗುಂಪಿನಲ್ಲಿ ನಿಂತುಕೊಂಡ.

*

ಹಿಂದಿನ ದಿನ ಸಂಜೆ ಗುಂಡಣ್ಣ ಕೊನೆಯ ಸಲ ಮೀಟುತ್ತಾ ಕೂತಿದ್ದ. ಮಧ್ಯೆ ನಿಲ್ಲಿಸಿ ಗೋಡೆಯ ಕಡೆ ನೋಡಿದ. ಪಕ್ಕದ ಮನೆಗೂ ಇವರ ಮನೆಗೂ ಇರುವುದು ಒಂದೇ ಗೋಡೆ. ಆಚೆಯ ಕೋಮಳವಲ್ಲಿ ಮಾಮಿ ಗಿಟಾರಿನ ಸದ್ದು ಕೇಳಿದ ಕೂಡಲೇ ಕುಟ್ಟಾಣಿಯಿಂದ ಗೋಡೆಗೆ ಗುದ್ದುವುದು ಹನ್ನೆರಡು ವರ್ಷದಿಂದ ನಡೆದು ಬಂದ ಪದ್ಧತಿ. ಗುದ್ದಿದರೆ ಇವನು ನಿಲ್ಲಿಸುತ್ತಿದ್ದ. ಎರಡು ಮನೆಗೂ ಮಾತಿಲ್ಲ.

"ಒಂದು ವಾರದಿಂದ ಗುದ್ದೇ ಇಲ್ಲ," ಎಂದ. "ಶ್ರೀರಂಗಕ್ಕೋ ಎಲ್ಲಿಗೋ ಹೋಗಿರಬೇಕು."

"ನಿಮ್ಮ ಅದೃಷ್ಟ. ನುಡಿಸಿಕೊಳ್ಳಿ."

"ಯಾರಿಗೋಸ್ಕರ? ನಿಂಗೆ ಕೇಳಿಸಲ್ಲ. ಶ್ರೀಯಾ ಫೋನಲ್ಲಿ ಎಲ್ಲಾ ಒಂದೇ ಥರ ಇದೆ ಅಂತಾಳೆ. ಅಂದಾನಿ ಸೂಪರ್ ಅಂತಾನೆ, ಅವನು ಗಂಟಲು ಕೆಮ್ಮಿದ್ರೂ ಸೂಪರ್ ಅನ್ನೋನು." ಬೆರಳ ತುದಿಯನ್ನು ಉಜ್ಜಿಕೊಂಡ. "ನಂಗೆ ಬೆರಳಿಗೆ ಗೊತ್ತಾಗತ್ತೆ ವಿನೋದಾ. ಹಾಕಿದಾಗ ತಂತಿ ಕೈ ಹಿಡ್ಕೊಳ್ಳತ್ತೆ. ಆದ್ರೆ ಒಬ್ಬರಿಗೂ ಕೇಳಿಸಲ್ಲ ಅಂದ್ರೆ ಅದು ಬರೀ ನನ್ನ ಭ್ರಮೆ ಇರಬೇಕು. ಸೋಮವಾರ ವಾಪಸ್ ಕೊಟ್ಟುಬಿಡ್ತೀನಿ. ಸೋಲೋನೂ ಬೇರೆ ಯಾರಿಗಾದ್ರೂ ಕೊಡ್ಲಿ."

ಅವಳು ಬೇಳೆ ಆರಿಸುತ್ತಿದ್ದಳು. "ಮಾಡಿ," ಎಂದಳು. ಸದ್ಯ ಮುಗಿಯಿತಲ್ಲ ಎಂದು ಅವಳಿಗೆ ಸಮಾಧಾನವೇ ಆಗಿತ್ತು.

*

ವಿಷ್ಣುತೀರ್ಥರ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಾಡಿ ಬೀದಿಯ ತಿರುವು ದಾಟಿತು. ಹೆಂಗಸರು ಒಳಗೆ ಬಂದು ನೀರು ಸುರಿದು ಹಾಲ್ ತೊಳೆದರು, ಒಬ್ಬೊಬ್ಬರಾಗಿ ತಲೆಗೆ ಸ್ನಾನ ಮಾಡಿದರು. ತೊಳೆಯುವಾಗ ಓರಗಿತ್ತಿ ಜಯಲಕ್ಷ್ಮೀ ಹಸಿರು ಡಬ್ಬಿಯನ್ನು ಎತ್ತಿ ಕಿಟಕಿಯ ಮೇಲಿಟ್ಟಳು. ಎಲ್ಲರೂ ಸುಸ್ತಾಗಿ ಒದ್ದೆ ಕೂದಲಲ್ಲಿ ಕೂತಿದ್ದಾಗ ಬಾಗಿಲಲ್ಲಿ ಕೋಮಳವಲ್ಲಿ ಮಾಮಿ ಬಂದು ನಿಂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

ಹನ್ನೆರಡು ವರ್ಷದ ಮೇಲೆ ಆಡುವ ಮೊದಲ ಮಾತು ಯಾವುದಾಗಬೇಕು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಸಾಪ್ಟಿಂಗಳಾ?" ಎಂದರು ಮಾಮಿ. ತಿಂದಿಲ್ಲವೆಂದು ಗೊತ್ತಿದ್ದೇ ಕೇಳಿದ ಪ್ರಶ್ನೆ.

"ಶ್ರೀರಂಗದಿಂದ ಯಾವಾಗ ಬಂದ್ರಿ?" ಎಂದು ವಿನೋದಾ ಕೇಳಿದಳು.

ಮಾಮಿಗೆ ಅರ್ಥವಾಗಲಿಲ್ಲ. ತಾವು ಎಲ್ಲಿಗೂ ಹೋಗಿಲ್ಲ, ಮಂಡಿನೋವಿನಲ್ಲಿ ಗುಡಿಗೆ ಹೋಗುವುದೇ ಕಷ್ಟ ಎಂದು ತಮಿಳಿನಲ್ಲಿ ಹೇಳಿದರು.

"ಮತ್ತೆ ಗೋಡೆ ಗುದ್ದಲಿಲ್ಲ?"

ಮಾಮಿ ಫ್ಲಾಸ್ಕನ್ನು ಕೆಳಗಿಟ್ಟರು. ನಾಚಿಕೆಯಾದದ್ದು ಮುಖದಲ್ಲಿ ಕಂಡಿತು. ಮೊದಲೆಲ್ಲ ಟಕ್ ಟಕ್ ಎಂದು ಹುರುಳಿಕಾಯಿ ಹೆಚ್ಚಿದ ಹಾಗೆ ಬರುತ್ತಿತ್ತು, ಬಿ.ಪಿ. ಏರುತ್ತಿತ್ತು, ಗುದ್ದುತ್ತಿದ್ದೆ ಎಂದರು. ಹೋದ ವಾರ ಹಾಗಿರಲಿಲ್ಲ. ಸದ್ದು ಕೂಡಲೇ ಸಾಯದೆ ಮುಂದಿನ ಸದ್ದಿನ ತನಕ ಎಳೆದು ನಿಲ್ಲುತ್ತಿತ್ತು. ಹೊಸ ಗಿಟಾರು ತಂದರೇನೋ ಎಂದು ನಮ್ಮವರ ಹತ್ತಿರ ಕೇಳಿದೆ. "ಕೇಕ್ಕ ನಲ್ಲಾ ಇರುಂದುದು," ಕೇಳಲು ಚೆನ್ನಾಗಿತ್ತು ಎಂದರು.

ವಿನೋದಾಗೆ ನಂಬಿಕೆ ಬರಲಿಲ್ಲ. ಇವರೂ ಸಾವಿನ ಮನೆಯ ಮಾತು ಆಡುತ್ತಿದ್ದಾರೆ ಎನಿಸಿ ಪಿತ್ತ ನೆತ್ತಿಗೇರಿತು.

"ಸಮಾಧಾನಕ್ಕೆ ಹೇಳ್ಬೇಡಿ ಮಾಮಿ. ನಾನು ಇದೇ ಮನೇಲಿ, ಅವರ ಎದುರಿಗೇ ಕೂತಿದ್ದೆ. ನಂಗೇ ಕೇಳಿಸಿಲ್ಲ. ಗೋಡೆ ಆಚೆ ನಿಮಗೆ ಹೆಂಗೆ ಕೇಳಿಸ್ತು?"

ಮಾಮಿಯೂ ಬಿಡುವವರಲ್ಲ. ಇಲ್ಲಿ ಒಲೆ, ನಲ್ಲಿ, ಬೀದಿ ಎಲ್ಲ ಸೇರಿ ಕೇಳಿಸುತ್ತದೆ, ನಮ್ಮ ಕಡೆಗೆ ಅದೊಂದೇ ಬರುತ್ತದೆ ಎಂದರು. "ನಾನ್ ಪೊಯ್ ಸೊಲ್ಲಲೆ. ವಂದು ಕೇಳುಂಗೋ." ಸುಳ್ಳು ಹೇಳುತ್ತಿಲ್ಲ, ಬೇಕಾದರೆ ಬಂದು ಕೇಳಿ.

ವಿನೋದಾ ಎದ್ದಳು.

"ಶ್ರೀಯಾ, ಆ ವೈರು ಸಿಕ್ಕಿಸು. ತಿರುಪು ಮುಟ್ಟಬೇಡ. ಒಂದು ಸಲ ಪೆಡಲಿನ ದೀಪ ಹತ್ತಿಸಿ ಮೀಟು, ಒಂದು ಸಲ ಆರಿಸಿ ಮೀಟು. ಯಾವುದು ಯಾವಾಗ ಅಂತ ನಂಗೆ ಹೇಳ್ಬೇಡ."

"ಅಮ್ಮಾ, ಇನ್ನಿಕ್ಕಾ? ಇವತ್ತೇನಾ?" ಎಂದಳು ಶ್ರೀಯಾ.

"ನಿಂಗೇನು ಬುದ್ಧಿ ಗಿದ್ಧಿ ಇದೆಯಾ ವಿನೋದಾ?" ಜಯಲಕ್ಷ್ಮೀ ಬಾಗಿಲಿಗೆ ಅಡ್ಡ ಬಂದಳು. "ಸೂತಕ. ಗಾಡಿ ಹೋಗಿ ಇನ್ನೂ ಗಂಡಸ್ರು ಬಂದಿಲ್ಲ. ಇವತ್ತು ಇನ್ನೊಬ್ಬರ ಮನೆ ಹೊಸ್ತಿಲು ದಾಟ್ತೀಯಾ? ಅವರು ಆಚಾರದೋರು."

ವಿನೋದಾ ಮಾಮಿಯ ಮುಖ ನೋಡಿದಳು. ಮಾಮಿ ಒಂದು ಕ್ಷಣ ಯೋಚಿಸಿದರು. ಅವರ ಮನೆಯಲ್ಲಿ ಪೆರುಮಾಳ್ ದೇವರ ಪೂಜೆ ಇತ್ತು, ಎಲ್ಲಾ ತೊಳೆಯಬೇಕಾಗುತ್ತದೆ, ಗಂಡನ ಕೈಲಿ ಬೈಸಿಕೊಳ್ಳಬೇಕಾಗುತ್ತದೆ.

"ಅಪ್ಪರಂ ಕುಳಿಚ್ಚುಕ್ಕಲಾಂ," ಆಮೇಲೆ ಸ್ನಾನ ಮಾಡಿಕೊಂಡರಾಯಿತು ಎಂದು ಹೇಳಿ ಮುಂದೆ ನಡೆದರು.

ವಿನೋದಾ ಓರಗಿತ್ತಿಯ ತೋಳನ್ನು ಮೆಲ್ಲಗೆ ಸರಿಸಿ ಹೊರಗೆ ಬಂದಳು. ನಾಲ್ಕು ಮೆಟ್ಟಿಲು ಇಳಿದು, ನಾಲ್ಕು ಮೆಟ್ಟಿಲು ಹತ್ತಿ ಮಾಮಿಯ ಹಾಲ್‌ಗೆ ಕಾಲಿಟ್ಟಳು. ಒಳಗೆ ಸಾಂಬ್ರಾಣಿಯ ವಾಸನೆ. ಒಂದು ಮೂಲೆಯಲ್ಲಿ ಟೀವಿ, ಅದರ ಕಡೆ ಮುಖ ಮಾಡಿದ ಸೋಫಾ. ಎದುರಿನ ಗೋಡೆಯಲ್ಲಿ ಎದೆಯ ಎತ್ತರಕ್ಕೆ ಸುಣ್ಣ ಉದುರಿ, ಗಾರೆ ಕಿತ್ತು, ಕುಟ್ಟಾಣಿಯ ತುದಿಯಷ್ಟಗಲದ ಗುಳಿಗಳು ಒತ್ತೊತ್ತಾಗಿ ಬಿದ್ದಿದ್ದವು.

ಆ ಗುಳಿಗಳ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಟೀವಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಕೂತರೆ ಮಂಡಿ ಗೋಡೆಗೆ ತಗಲುವಷ್ಟು ಹತ್ತಿರ. ಸೀಟಿನ ಮೇಲೆ ಮಡಿಸಿದ ಒಂದು ಹಳೆಯ ಸೀರೆ, ಬಹಳ ಹೊತ್ತು ಕೂರುವವರು ಹಾಕಿಕೊಳ್ಳುವ ಹಾಗೆ.

ಮಾಮಿ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ, ಆ ಸೆಕೆಯಲ್ಲಿ, ಗರಗರ ಎನ್ನುತ್ತಿದ್ದ ಫ್ಯಾನು ಆರಿಸಿದರು.