ವರ್ಷದ ಪಾಲು

ಕಡ್ಡಿ ಚಿಮುಟದಿಂದ ಜಾರಿತು. ಗೇಣುದ್ದದ ಆ ಲೋಹದ ಕಡ್ಡಿ ಮೇಜಿನ ಅಂಚಿಗೆ ಬಡಿದು ಹಿಂದಕ್ಕೆ ಬಿದ್ದದ್ದು ಗಾಜಿನಾಚೆ ಅವಳಿಗೆ ಸ್ಪಷ್ಟವಾಗಿ ಕಂಡಿತು. ಸದ್ದು ಮಾತ್ರ ಕೇಳಲಿಲ್ಲ. ಗೋಡೆಯಷ್ಟೇ ದಪ್ಪವಿದ್ದ ಆ ಹಳದಿ ಗಾಜು ಒಳಗಿನ ಸದ್ದನ್ನು ಎಂದೂ ಈಚೆಗೆ ಬಿಟ್ಟದ್ದಿಲ್ಲ.

ರಿಯಾಕ್ಟರಿನಲ್ಲಿ ಉರಿದು ಬಂದ ಇಂಧನದ ಕಡ್ಡಿಗಳನ್ನು ಕತ್ತರಿಸಿ, ಆಮ್ಲದಲ್ಲಿ ಕರಗಿಸಿ, ಇನ್ನೂ ಕಸುವಿರುವುದನ್ನು ಬೇರೆ ಮಾಡಿ ಮತ್ತೆ ರಿಯಾಕ್ಟರಿಗೇ ಕಳಿಸುವ ಕಾರ್ಖಾನೆ ಅದು. ವಿಕಿರಣ ತುಂಬಿದ ಆ ಕೋಣೆಯೊಳಗೆ ಮನುಷ್ಯರು ಕಾಲಿಡುವಂತಿಲ್ಲ. ಒಳಗೆ ಎರಡು ಉಕ್ಕಿನ ತೋಳು, ಹೊರಗೆ ಅವುಗಳ ಹಿಡಿ. ಇಲ್ಲಿ ಕೈ ಹೇಗೆ ಆಡಿದರೆ ಅಲ್ಲಿ ತೋಳೂ ಹಾಗೇ ಆಡುತ್ತದೆ. ಹೊಸಬರಿಗೆಲ್ಲ ಆ ಕೆಲಸ ಕಲಿಸಿದವಳು ಅವಳೇ. ಆ ತೋಳುಗಳಲ್ಲೇ ಸೂಜಿಗೆ ದಾರ ಪೋಣಿಸಿ ತೋರಿಸುತ್ತಿದ್ದಳು. "ದೊಡ್ಡಕ್ಕನ ಬೆರಳಿಗೆ ಕಣ್ಣಿದೆ" ಎನ್ನುತ್ತಿದ್ದರು ಎಲ್ಲರೂ.

ಕೆಲವು ತಿಂಗಳಿಂದ ಮನೆಯಲ್ಲಿ ಮಗಳ ಅಂಗಿಗೆ ಗುಂಡಿ ಹಚ್ಚಲು ಕೂತರೆ ದಾರ ಸೂಜಿಯ ಸುತ್ತ ನೊಣದಂತೆ ಸುಳಿದಾಡುತ್ತಿತ್ತು. ಕನ್ನಡಕ ಬದಲಿಸಬೇಕು ಎಂದುಕೊಂಡು ಸುಮ್ಮನಾಗಿದ್ದಳು.

"ಏನಾಯ್ತು ದೊಡ್ಡಕ್ಕ?" ಪಾಳಿಯ ಎಂಜಿನಿಯರ್ ಹಿಂದಿನಿಂದ ಕೇಳಿದ.

"ತೋಳಿನ ಮಣಿಕಟ್ಟು ಸಡಿಲ ಆಗಿದೆ. ಹಿಡಿತಾನೇ ಸಿಗ್ತಿಲ್ಲ."

ಮಾತು ತಾನಾಗಿ ಬಂದಿತ್ತು. ಅವನು ಹಿಡಿಯನ್ನು ಮುಟ್ಟಿಯೂ ನೋಡಲಿಲ್ಲ. "ನೀವು ಹೇಳಿದ ಮೇಲೆ ಮುಗೀತು. ನಾಳೆ ತೋಳು ತೆಗೆಸಿ ರಿಪೇರಿ ಮಾಡಿಸೋಣ."

ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ತಂಗಿಯ ಫೋನು ಬಂತು. ತಂಗಿಯ ಗಂಡ ಅದೇ ಕಾರ್ಖಾನೆಯಲ್ಲಿ ಮೆಕ್ಯಾನಿಕ್.

"ಅಕ್ಕಾ, ನಾಳೆ ಆ ತೋಳು ಬಿಚ್ಚೋಕೆ ಇವರೇ ಹೋಗ್ತಾರಂತೆ. ಪಾಲು ಚೂರೇ ಚೂರು ಉಳಿದಿತ್ತು, ಜಿಪುಣನ ಹಾಗೆ ಕಾದಿಟ್ಟಿದ್ರು. ಎಲ್ಲಾ ಹೋಯ್ತು!"

ಒಬ್ಬರ ಮೈ ವರ್ಷಕ್ಕೆ ಇಷ್ಟೇ ವಿಕಿರಣ ತಾಗಿಸಿಕೊಳ್ಳಬಹುದು ಎಂಬ ಲೆಕ್ಕಕ್ಕೆ ಅಲ್ಲಿಯವರು 'ಪಾಲು' ಎನ್ನುತ್ತಿದ್ದರು. ಕೋಣೆಯೊಳಗೆ ಆಡಿದ ತೋಳನ್ನು ಬಿಚ್ಚುವವನಿಗೆ ಅದು ತಾಗಿಯೇ ತೀರುತ್ತದೆ. ಪಾಲು ತೀರಿದವನಿಗೆ ವರ್ಷ ಮುಗಿಯುವವರೆಗೆ ಉಗ್ರಾಣದ ಕೆಲಸ. ಹೊಸ ರಿಯಾಕ್ಟರಿಗೆ ಮುಂದಿನ ತಿಂಗಳು ಇವರದೇ ಕೈಯಲ್ಲಿ ಮರುಹುಟ್ಟು ಪಡೆದ ಇಂಧನ ಮೊದಲ ಸಲ ಇಳಿಯುವುದಿತ್ತು. ಅದನ್ನು ಇಳಿಸುವ ತಂಡದಲ್ಲಿ ಅವನ ಹೆಸರಿತ್ತು. ಮನೆಗೆ ಬಂದಾಗಲೆಲ್ಲ ಅವನಿಗೆ ಅದೇ ಮಾತು.

"ಬೇರೆ ಯಾರೂ ಇರ್ಲಿಲ್ವಾ?"

"ಇದ್ರಂತೆ. ಅತ್ತಿಗೆ ಆಡಿಸೋ ತೋಳನ್ನ ಕಂಡವರ ಕೈಗೆ ಕೊಡ್ತೀನಾ ಅಂದ್ರು. ಭಾರಿ ಶೂರ! ನೀನಾದ್ರೂ ಬೈಯಿ."

"ಹೂಂ" ಎಂದಳು ಅವಳು.

"ಅಮ್ಮಾ, ಆ ತಟ್ಟೆ ಆಗ್ಲೇ ತೊಳೆದಾಯ್ತು" ಎಂದಳು ಮಗಳು.

ಬೆಳಿಗ್ಗೆ ಅವಳು ಉಡುಪಿನ ಕೋಣೆಗೆ ಬರುವಷ್ಟರಲ್ಲಿ ತಂಗಿಯ ಗಂಡ ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟು ನಿಂತಿದ್ದ. ಸಹಾಯಕನೊಬ್ಬ ಅವನ ಕೈಗವಸನ್ನೂ ಕವಚದ ತೋಳನ್ನೂ ಸೇರಿಸಿ ಸಂದಿಲ್ಲದಂತೆ ಅಂಟುಪಟ್ಟಿ ಸುತ್ತುತ್ತಿದ್ದ.

"ನೋಡಿ ಅತ್ತಿಗೆ, ಮದುವೆ ದಿನಾನೂ ನನ್ನ ಯಾರೂ ಇಷ್ಟು ಚೆನ್ನಾಗಿ ಸಿಂಗರಿಸಿರ್ಲಿಲ್ಲ."

"ಸಿಂಗಾರ ಮುಗಿಸ್ಕೊಂಡು ಉಗ್ರಾಣದಲ್ಲಿ ಬೋಲ್ಟ್ ಎಣಿಸೋಕೆ ಹೋಗಪ್ಪಾ" ಎಂದ ಎಂಜಿನಿಯರ್. ಎಲ್ಲರೂ ನಕ್ಕರು. ಕವಚ ತೊಟ್ಟವನೂ ನಕ್ಕ, ಆದರೆ ನಗು ಬೇಗ ಮುಗಿಯಿತು.

ಅವಳು ಎಂಜಿನಿಯರ್ ಕಡೆ ತಿರುಗಿದಳು. "ತೋಳು ತೆಗೆಯೋ ಮೊದಲು ಬೇರೆ ಯಾರಾದ್ರೂ ಒಂದ್ಸಲ ಆಡಿಸಿ ನೋಡಲಿ."

"ನಿಮಗೇ ಸಿಗದ ಹಿಡಿತ ಅವರಿಗೆ ಸಿಗುತ್ತಾ? ಏನ್ ದೊಡ್ಡಕ್ಕ ನೀವು!"

ಇಷ್ಟು ಕಾಲ ಸವಿದ ಹೊಗಳಿಕೆ ಕೆನ್ನೆಗೆ ಹೊಡೆದಂತಾಯಿತು. ತಂಗಿಯ ಗಂಡ ಮುಖವಾಡ ಎತ್ತಿಕೊಂಡ.

"ತೋಳು ಸರಿಯಾಗೇ ಇದೆ" ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದಳು: "ತೋಳಿಗೇನೂ ಆಗಿಲ್ಲ. ನಡುಗಿದ್ದು ನನ್ನ ಕೈ."

ಸಹಾಯಕ ಅಂಟುಪಟ್ಟಿಯ ಸುರುಳಿ ಹಿಡಿದು ಹಾಗೇ ನಿಂತ. ಎಂಜಿನಿಯರ್ ಅವಳ ಕೈಗಳನ್ನೇ ನೋಡಿದ. ಸೆರಗಿನ ಮರೆಗೆ ಹೊರಟಿದ್ದ ಕೈಯನ್ನು ಅವಳು ತಡೆದಳು.

"ಎಷ್ಟು ದಿನದಿಂದ?"

"ತುಂಬಾ ದಿನ ಆಯ್ತು."

"ನಿನ್ನೆ ಹೇಳೋಕೆ ಏನಾಗಿತ್ತು ನಿಮಗೆ?"

ಎಂಜಿನಿಯರ್ ಕೆಲಸ ನಿಲ್ಲಿಸಿ ಎಂದು ಫೋನ್ ಮಾಡಲು ಹೊರಗೆ ಹೋದ. ಸಹಾಯಕನೂ ಏನೋ ನೆಪ ಹೇಳಿ ಹಿಂದೆಯೇ ಹೋದ.

ತಂಗಿಯ ಗಂಡ ಬೆಂಚಿನ ಮೇಲೆ ಕೂತ. ಮುಖವಾಡವನ್ನು ಪಕ್ಕಕ್ಕಿಟ್ಟ.

"ನಿನ್ನೆ ಸಂಜೆ ಅವಳು ನಿಮಗೆ ಫೋನ್ ಮಾಡಿದ್ಲಲ್ಲ ಅತ್ತಿಗೆ."

"ಮಾಡಿದ್ಲು."

ಅವನು ತಲೆಯಾಡಿಸಿದ. ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಮಣಿಕಟ್ಟಿನ ಪಟ್ಟಿಯನ್ನು ಇನ್ನೊಂದು ಕೈಯಿಂದ ಬಿಚ್ಚಲು ನೋಡಿದ. ದಪ್ಪ ಕೈಗವಸಿನ ಬೆರಳಿಗೆ ಅದರ ತುದಿ ಸಿಗಲಿಲ್ಲ. ಹಲ್ಲು ಹಾಕಿ ನೋಡಿದ. ಆಮೇಲೆ, ಅವಳ ಮುಖ ನೋಡದೆ, ಕೈಯನ್ನು ಅವಳತ್ತ ಚಾಚಿದ.

ಅವಳು ಅವನೆದುರು ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಪಟ್ಟಿಯ ತುದಿ ಹುಡುಕಿದಳು. ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು, ಮತ್ತೆ ಜಾರಿತು. ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಮೊಣಕೈಯನ್ನು ಮಂಡಿಗೆ ಊರಿ, ಮಣಿಕಟ್ಟನ್ನು ಸ್ವಲ್ಪವೂ ಅಲುಗಿಸದೆ, ಕಾಯುತ್ತ ಕೂತ.