ಪೊಟರೆಯ ಜೀರುಂಡೆ ತೊಲೆ ತಿನ್ನುವುದಿಲ್ಲ

ಮನೆಯ ಮರಕ್ಕೆ ಹುಳು ಹಿಡಿದರೆ ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು. ಹೊರಗಿನಿಂದ ನೋಡಿದರೆ ತೊಲೆ ಗಟ್ಟಿಮುಟ್ಟು. ಒಳಗೆ ಬರೀ ಹುಡಿ. ದೂರದ ಉತ್ತರದ ಚಳಿನಾಡೊಂದರಲ್ಲಿ, ಲಿನ್‌ಶೋಪಿಂಗ್ ಪೇಟೆಯ ದಕ್ಷಿಣಕ್ಕೆ, ಕೆರೆಯ ದಡದಲ್ಲಿ ದನ ಸಾಕಿಕೊಂಡಿರುವ ಆಲ್ಗೋಟ್ ಮತ್ತು ಅವನ ಹೆಂಡತಿ ಸಿಗ್ರಿಡ್‌ಗೆ ಆದದ್ದೂ ಅದೇ.

ಅವರ ಅಂಗಳದಾಚೆ ಒಂದು ಹಳೆಯ ಉಗ್ರಾಣವಿತ್ತು. ಹೋದ ವರ್ಷ ಸಿಗ್ರಿಡ್ ಆಲೂಗಡ್ಡೆ ತರಲೆಂದು ಒಳಗೆ ಹೋದಳು. ಬುಟ್ಟಿ ತುಂಬಿಕೊಂಡು ಹೊಸ್ತಿಲು ದಾಟಿದ್ದಳಷ್ಟೆ, ಬೆನ್ನ ಹಿಂದೆಯೇ ಮಾಡು ಕುಸಿದು ಬಿತ್ತು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಮನಸ್ಸಿನಲ್ಲಿ ಅಂಜಿಕೆ ಕೂತುಬಿಟ್ಟಿತು. ಮುರಿದ ತೊಲೆಗಳನ್ನು ಸೀಳಿ ನೋಡಿದರೆ ಉದ್ದಕ್ಕೂ ಹುಳು ಕೊರೆದ ದಾರಿಗಳು.

ಈ ಬೇಸಿಗೆಯಲ್ಲಿ ಆ ಅಂಜಿಕೆ ಮತ್ತೆ ಎದ್ದಿತು. ಬಿಸಿಲೇರಿದ ಮಧ್ಯಾಹ್ನ ಊಟ ಮುಗಿಸಿ ಸಿಗ್ರಿಡ್ ಒಂದು ಗಳಿಗೆ ಅಡ್ಡಾದರೆ, ಮಲಗುವ ಕೋಣೆಯ ಗೋಡೆಯಿಂದ ಕರಕರ ಸದ್ದು.

"ಕೇಳಿಸ್ತಾ?" ಎಂದು ಗಂಡನನ್ನು ತಿವಿದಳು. "ತಿಂತಾ ಇದೆ. ಈ ಸಲ ನಮ್ಮ ತಲೆ ಮೇಲೇ ಬೀಳುತ್ತೆ ನೋಡು."

"ಇಲಿ ಇರ್ಬೇಕು ಬಿಡೇ."

"ಇಲಿಯಂತೆ! ಆ ಮುದಿ ಓಕ್ ಮರ ಇರೋ ತನಕ ನಮಗೆ ನೆಮ್ಮದಿ ಇಲ್ಲ. ಅದರ ಹೊಟ್ಟೆ ತುಂಬ ಹುಳಾನೇ. ಅಲ್ಲಿಂದ ಉಗ್ರಾಣಕ್ಕೆ ಬಂದ್ವು, ಈಗ ಮನೆಗೆ ಬಂದಿವೆ."

ಅಂಗಳದ ಅಂಚಿನ ಆ ಓಕ್ ಮರಕ್ಕೆ ಎಷ್ಟು ವಯಸ್ಸೋ ಹೇಳಬಲ್ಲವರಿಲ್ಲ. ಅದರ ಕಾಂಡದಲ್ಲಿ ದೊಡ್ಡ ಪೊಟರೆ. ಪೊಟರೆಯ ಬಾಯಿಂದ ಕಂದು ಹುಡಿ ಬುಡಕ್ಕೆ ಸದಾ ಉದುರುತ್ತಿತ್ತು. ಮರವೆಂದರೆ ಆಲ್ಗೋಟ್‌ಗೆ ಪ್ರೀತಿ. ಅದರ ನೆರಳಿನಲ್ಲಿ ದನಗಳು ಮಲಗಿದ್ದನ್ನು ನೋಡುತ್ತ ಪೈಪು ಸೇದದೆ ಅವನ ದಿನ ಮುಗಿಯುತ್ತಿರಲಿಲ್ಲ. ಆದರೆ ಹೆಂಡತಿಯ ಮುಖ ಬಾಡಿದ್ದನ್ನು ನೋಡಲಾರದೆ, ಮರ ಕಡಿಯುವ ರೂನೆಗೆ ಫೋನ್ ಮಾಡಿ ಸೋಮವಾರ ಬಾ ಎಂದ. ಆಮೇಲೆ ಪೈಪನ್ನೂ ತೆಗೆದುಕೊಳ್ಳದೆ ಹಾಲು ಕರೆಯಲು ಹೋದ.

ಶುಕ್ರವಾರ ಮೈಕೆನ್ ಬಂದಳು. ಶಾಲೆಯ ಬಸ್ಸು ಓಡಿಸುವವಳು, ಸಿಗ್ರಿಡ್‌ಗೆ ಹಳೆಯ ಗೆಳತಿ. ಬೇಸಿಗೆ ರಜೆಯಲ್ಲಿ, ಜಿಲ್ಲೆಯ ಹಳೆಯ ಓಕ್‌ಗಳಲ್ಲಿ ಜೀರುಂಡೆ ಎಣಿಸುವ ತಂಡದ ಜೊತೆ ಓಡಾಡುತ್ತಾಳೆ. ಸೈಕಲ್ಲಿನ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟಗಳು ಮತ್ತು ಒಂದು ಸಣ್ಣ ಕರಣೆ.

"ನಿಮ್ಮ ಪೊಟರೇಲಿ ಒಂದು ಲೋಟ ಹೂತಿಡ್ತೀನಿ ಸಿಗ್ರಿಡ್. ಬೆಳಗ್ಗೆ ಬಂದು ನೋಡ್ತೀನಿ."

"ಹೂತಿಡು, ಹೂತಿಡು. ಸೋಮವಾರ ಮರಾನೇ ಇರಲ್ಲ. ನಿನ್ನ ಹುಳಗಳನ್ನ ಈಗ್ಲೇ ಕಟ್ಕೊಂಡು ಹೋಗು."

ಮೈಕೆನ್ ಸೈಕಲ್ಲನ್ನು ಬೇಲಿಗೆ ಒರಗಿಸಿದಳು. "ಯಾಕೆ, ಏನಾಯ್ತು?"

ಸಿಗ್ರಿಡ್ ಎಲ್ಲ ಹೇಳಿದಳು. ಮೈಕೆನ್ ನಗಲಿಲ್ಲ, ಮಧ್ಯೆ ಬಾಯಿ ಹಾಕಲೂ ಇಲ್ಲ.

"ಇಷ್ಟು ಹಳೇ ಮರ ಕಡಿಯೋಕೆ ಮುಂಚೆ ಜಿಲ್ಲಾಡಳಿತಾನ ಕೇಳ್ಬೇಕು, ಅದು ಗೊತ್ತಲ್ವಾ?" ಎಂದಳು ಕೊನೆಗೆ.

"ಈಗ ಕಾನೂನು ತೋರಿಸಿ ಹೆದರಿಸ್ತೀಯಾ?"

"ಇಲ್ಲ ಕಣೇ. ನೀನು ಮೊದಲೇ ಹೆದರಿದೀಯ, ನಾನ್ಯಾಕೆ ಇನ್ನೂ ಹೆದರಿಸ್ಲಿ? ಬಿದ್ದ ಉಗ್ರಾಣದ ತುಂಡು ಏನಾದ್ರೂ ಉಳಿದಿದ್ರೆ ತೋರಿಸು."

ಇಬ್ಬರೂ ಉಗ್ರಾಣವಿದ್ದ ಜಾಗಕ್ಕೆ ಹೋದರು. ಹುಲ್ಲಿನ ನಡುವೆ ಮುರಿದ ತೊಲೆಗಳು ಬಿದ್ದಿದ್ದವು. ಮೈಕೆನ್ ಒಂದನ್ನು ಹೊರಳಿಸಿದಳು. "ಇದು ಪೈನ್ ಮರ. ಜರಡಿ ಆಗಿದೆ. ಇದೂ ಪೈನೇ. ಇದೂನೂ."

ಸಿಗ್ರಿಡ್ ಬಗ್ಗಿ ಇನ್ನೊಂದು ತುಂಡಿನ ಮೇಲಿನ ಹುಲ್ಲು ಸರಿಸಿದಳು. ಅವಳು ದಾಟಿ ಬಂದಿದ್ದ ಹೊಸ್ತಿಲೇ ಅದು. ಅವಳ ಮಾವನ ಕಾಲದ ಓಕ್ ಹೊಸ್ತಿಲು. ಅದರ ಮೇಲೆ ಬೆರಳಾಡಿಸಿದಳು, ಉಗುರಿನಿಂದ ಕೆರೆದಳು, ಮಗುಚಿ ತಳವನ್ನೂ ನೋಡಿದಳು. ಹುಳು ಕೊರೆದ ಒಂದು ತೂತೂ ಇಲ್ಲ.

"ಇದನ್ನ ಯಾಕೆ ಮುಟ್ಟಿಲ್ಲ ಮೈಕೆನ್?"

"ತೊಲೆ ಕೊರೆಯೋ ಹುಳಕ್ಕೆ ಓಕ್ ಬೇಡ. ಅದಕ್ಕೆ ಒಣಗಿದ ಪೈನು, ಸ್ಪ್ರೂಸು ಇಂಥ ಸೂಜಿ ಎಲೆ ಮರಾನೇ ಬೇಕು. ನಿಮ್ಮ ಪೊಟರೇಲಿರೋದು ಬೇರೆ ಜಾತಿ. ಕೊಳೆತು ಪುಡಿಯಾದ ಓಕ್ ಬಿಟ್ಟು ಅದಕ್ಕೆ ಬೇರೆ ಊಟ ಬೇಡ. ನಿಮ್ಮ ಗೋಡೆ ಕೊಟ್ರೆ ಉಪವಾಸ ಸಾಯುತ್ತೆ."

ಲೋಟ ಹೂಳಲು ಮೈಕೆನ್ ಏಣಿ ಹತ್ತಿ ಪೊಟರೆಗೆ ತಲೆ ಹಾಕಿದಾಗ ಸಿಗ್ರಿಡ್ ಏಣಿ ಹಿಡಿದು ನಿಂತಳು. ಲೋಟದ ಬಾಯಿ ಹುಡಿಯ ಸಮಕ್ಕೆ ಬರುವಂತೆ ಹೂಳುವುದು, ಅಷ್ಟೇ. ಒಳಗೆ ವಿಷವಿಲ್ಲ, ನೀರಿಲ್ಲ. ಓಡಾಡುವ ಜೀರುಂಡೆ ಜಾರಿ ಬೀಳುತ್ತದೆ. ಎಣಿಸಿದ ಮೇಲೆ ಅಲ್ಲೇ ಬಿಡುತ್ತಾರೆ.

ಮರುದಿನ ಬೆಳಗ್ಗೆ ಮರದ ಹತ್ತಿರ ಬಂದ ಸಿಗ್ರಿಡ್ ಮೂಗರಳಿಸಿದಳು. "ಈ ವಾಸನೆ! ಪ್ರತಿ ಜುಲೈನಲ್ಲೂ ಬರುತ್ತೆ. ಮಾಗಿದ ಪೀಚ್ ಹಣ್ಣಿನ ಥರ. ಯಾರೋ ಜಾಮ್ ಕಾಯಿಸ್ತಿದಾರೆ ಅಂದ್ಕೋತಿದ್ದೆ."

"ಜಾಮ್ ಕಾಯಿಸೋನು ಇಲ್ಲಿದಾನೆ ನೋಡು" ಎಂದು ಮೈಕೆನ್ ಲೋಟ ಎತ್ತಿದಳು. "ಗಂಡು ಜೀರುಂಡೆ. ಹೆಣ್ಣನ್ನ ಕರೆಯೋಕೆ ಅತ್ತರು ಹಚ್ಕೊಂಡು ಕೂತಿದಾನೆ."

"ನಮ್ಮ ಆಲ್ಗೋಟ್ ಮದುವೆಗೆ ಬಂದಾಗಲೂ ಸಗಣಿ ವಾಸನೆ ಹೊಡೀತಿದ್ದ" ಎಂದಳು ಸಿಗ್ರಿಡ್. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಅಂದೇ.

ಮೈಕೆನ್ ಜೀರುಂಡೆಯನ್ನು ಅವಳ ಅಂಗೈ ಮೇಲೆ ಇಟ್ಟಳು. ಹೆಬ್ಬೆರಳಿನ ತುದಿಯಷ್ಟು ದಪ್ಪ, ಹಳೆಯ ಬೂಟಿನ ತೊಗಲಿನ ಬಣ್ಣ. ತೊಗಲು ಜೀರುಂಡೆ ಎಂದೇ ಅದರ ಹೆಸರು. ಅದು ಹಾರಲಿಲ್ಲ, ಓಡಲಿಲ್ಲ. ಮೆಲ್ಲಗೆ ಒಂದು ಕಾಲು ಎತ್ತಿಟ್ಟು ನಿಂತಿತು.

"ಇವುಗಳಲ್ಲಿ ಹೆಚ್ಚಿನವು ಹುಟ್ಟಿದ ಮರ ಬಿಟ್ಟು ಎಲ್ಲೂ ಹೋಗಲ್ಲ" ಎಂದಳು ಮೈಕೆನ್. "ಅಪರೂಪಕ್ಕೆ ಒಂದೊಂದು ಪಕ್ಕದ ಮರಕ್ಕೆ ಹೋಗುತ್ತೆ. ಪಕ್ಕದಲ್ಲಿ ಟೊಳ್ಳು ಓಕ್ ಇಲ್ದಿದ್ರೆ ಅಲ್ಲಿಗೆ ಆ ವಂಶ ಮುಗೀತು. ಅದಕ್ಕೇ ವರ್ಷ ವರ್ಷ ಎಣಿಸೋದು. ಎಲ್ಲಿ ಕಮ್ಮಿಯಾಗ್ತಿವೆ ಅಂತ ಮೊದಲೇ ಗೊತ್ತಾದ್ರೆ ಏನಾದ್ರೂ ಮಾಡ್ಬಹುದು."

ಸಿಗ್ರಿಡ್ ತಾನೇ ಅದನ್ನು ಪೊಟರೆಯೊಳಗೆ ಬಿಟ್ಟಳು.

ಕಾಫಿಗೆ ಕೂತಾಗ ಅವಳಿಗೆ ಮತ್ತೆ ಚಿಂತೆ ಹತ್ತಿತು. "ಸರಿ, ಓಕ್‌ನ ಹುಳ ಅಲ್ಲ ಅಂತಿಟ್ಕೋ. ಹಾಗಾದ್ರೆ ನನ್ನ ಗೋಡೇಲಿ ಕರಕರ ಅನ್ನೋದು ಯಾರು? ನಿಮ್ಮಜ್ಜನಾ?"

"ಅದು ನಂಗೊತ್ತಿಲ್ಲ ಕಣೇ. ಗೋಡೆ ಬಿಚ್ಚಿ ನೋಡ್ದೆ ಹೇಳೋಕಾಗಲ್ಲ. ಹಳೇ ಹಲಗೆನಾ ಅದು?"

ದಾಲ್ಚಿನ್ನಿ ಬನ್ನು ಕಚ್ಚುತ್ತಿದ್ದ ಆಲ್ಗೋಟ್ ಅಗಿಯುವುದನ್ನು ನಿಲ್ಲಿಸಿದ.

"ಏನು?" ಎಂದಳು ಸಿಗ್ರಿಡ್.

"ಆ ಹಲಗೆ... ಚಳಿಗಾಲದಲ್ಲಿ ನಾನೇ ಬದಲಾಯಿಸಿದ್ನಲ್ಲ."

"ಹೊಸಾದು ತಂದಿದೀನಿ ಅಂತ ನೀನೇ ಅಂದಿದ್ದೆ."

"ಹೊಸಾದು ಅಂದ್ರೆ... ಉಗ್ರಾಣದಲ್ಲಿ ಕೆಲವು ಚೆನ್ನಾಗೇ ಇದ್ವು ಸಿಗ್ರಿಡ್. ಸುಮ್ನೆ ಯಾಕೆ ಸುಡೋದು ಅಂತ..."

ಸಿಗ್ರಿಡ್ ಎದ್ದು ಹಾರೆ ತಂದು ಗಂಡನ ಕೈಗೆ ಕೊಟ್ಟಳು. ಅವನು ಮಲಗುವ ಕೋಣೆಗೆ ಹೋಗಿ ಗೋಡೆಯ ಹಲಗೆ ಕಿತ್ತ. ಹಿಂಬದಿಯಿಂದ ಹುಡಿ ಸುರಿಯಿತು. ಅದರ ಜೊತೆ ಒಂದು ಬಿಳಿಯ ದಪ್ಪ ಹುಳು ನೆಲಕ್ಕೆ ಬಿತ್ತು.

"ನನ್ನ ತಲೆದಿಂಬಿನ ಪಕ್ಕ ತಂದು ಮೊಳೆ ಹೊಡೆದು ಕೂರಿಸಿದೀಯಲ್ಲ ಮಾರಾಯ!" ಎಂದಳು ಸಿಗ್ರಿಡ್. "ಮರ ಕಡಿಸಿ ಹಾಕ್ತಿದ್ವಿ. ಆಮೇಲೂ ಇದು ತಿಂತಾನೇ ಇರ್ತಿತ್ತು."

ಆಲ್ಗೋಟ್ ತಲೆ ತಗ್ಗಿಸಿ ನಿಂತ. ಸಿಗ್ರಿಡ್ ಅವನ ಅಂಗಿಯ ಮೇಲಿನ ಹುಡಿ ಕೊಡವಿದಳು. ಸ್ವಲ್ಪ ಜೋರಾಗಿಯೇ ಕೊಡವಿದಳು.

ಪೇಟೆಯಿಂದ ಮರದ ಮನೆಗಳನ್ನು ಪರೀಕ್ಷಿಸುವವರು ಬಂದು ತೊಲೆ, ಮಾಡು, ಅಟ್ಟ ಎಲ್ಲ ನೋಡಿದರು. ಹುಳು ಇದ್ದದ್ದು ಉಗ್ರಾಣದ ಹಲಗೆಗಳಲ್ಲಿ ಮಾತ್ರ. ಅವನ್ನು ಅಂಗಳದಲ್ಲಿ ಸುಟ್ಟರು. ಗೋಡೆಯ ಸದ್ದು ನಿಂತಿತು.

ಈ ಗಡಿಬಿಡಿಯಲ್ಲಿ ಬೇಡವೆನ್ನಲು ಮರೆತದ್ದರಿಂದ ಸೋಮವಾರ ರೂನೆ ಗರಗಸ ಹಿಡಿದು ಬಂದೇ ಬಿಟ್ಟಿದ್ದ. "ಕರೆಸಿ ಬರಿಗೈಲಿ ಕಳಿಸ್ತೀರಾ?" ಎಂದು ಗೊಣಗಿದ. ಮೈಕೆನ್ ಅವನಿಗೆ ಕೆಲಸ ತೋರಿಸಿದಳು. ಓಕ್‌ನ ಸುತ್ತ ಒತ್ತೊತ್ತಾಗಿ ಎದ್ದು ಬಿಸಿಲು ಮರೆಮಾಡಿದ್ದ ಸ್ಪ್ರೂಸ್ ಗಿಡಗಳನ್ನು ಅವನು ತೆಗೆದ. ಜಿಲ್ಲಾಡಳಿತವನ್ನು ಕೇಳಿಕೊಂಡ ಮೇಲೆ, ದಾರಿಯ ಮೇಲೆ ಬಾಗಿದ್ದ ಒಣ ಕೊಂಬೆಯೊಂದನ್ನು ಮುಂದಿನ ವಾರ ಕತ್ತರಿಸಿದರು. ಅದನ್ನು ಸೌದೆ ಮಾಡದೆ ಮರದ ಬುಡದಲ್ಲೇ ಬಿಸಿಲಿಗೆ ಮಲಗಿಸಿದರು. ಬಿದ್ದ ಕೊಂಬೆಯನ್ನೇ ನಂಬಿ ಬದುಕುವ ಹುಳಗಳೂ ಬೇಕಾದಷ್ಟಿವೆ.

ಶರತ್ಕಾಲದಲ್ಲಿ, ಚರ್ಚಿನ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಕೆರೆಯಾಚೆಯ ವಾಲ್‌ಫ್ರಿಡ್ ಹೇಳುತ್ತಿದ್ದ: "ನಮ್ಮ ಓಕ್ ಪೂರ್ತಿ ಟೊಳ್ಳಾಗಿದೆ. ಒಳಗಿನ ಕಸ ತೆಗೆದು ಸಿಮೆಂಟ್ ತುಂಬಿಸ್ತೀನಿ."

ಸಿಗ್ರಿಡ್ ಲೋಟ ಕೆಳಗಿಟ್ಟಳು. "ಸಿಮೆಂಟನ್ನ ನಿನ್ನ ಕೊಟ್ಟಿಗೆ ನೆಲಕ್ಕೆ ಹಾಕು ವಾಲ್‌ಫ್ರಿಡ್. ಅದು ಕಸ ಅಲ್ಲ, ಸಂಸಾರ. ನಾಳೆ ಬೆಳಗ್ಗೆ ನಾನೂ ಮೈಕೆನ್ನೂ ಬರ್ತೀವಿ. ಅಲ್ಲಿ ತನಕ ಪೊಟರೆಗೆ ಕೈ ಹಾಕ್ಬೇಡ. ಕಾಫಿ ಇಟ್ಟಿರು."

ಓದುವವರೇ, ಕೇಳುವವರೇ, ನಿಮ್ಮ ಹೊಲದ ಬದುವಿನಲ್ಲೋ ಊರಿನ ದಾರಿಯಲ್ಲೋ ಟೊಳ್ಳಾದ ಮುದಿ ಮರವಿದ್ದರೆ, ಅದು ಸತ್ತಿತೆಂದು ಕೈಬಿಡಬೇಡಿ. ಪೊಟರೆಯನ್ನು ಗುಡಿಸಬೇಡಿ, ತುಂಬಿಸಬೇಡಿ, ಬಿದ್ದ ಕೊಂಬೆಯನ್ನು ಅಲ್ಲೇ ಬಿಡಿ. ಮನೆಯ ತೊಲೆಗೆ ಹುಳು ಬಿದ್ದರೆ ಮನೆಯ ಮರವನ್ನೇ ಮೊದಲು ಪರೀಕ್ಷೆ ಮಾಡಿಸಿ. ಜೀರುಂಡೆ ಎಣಿಸುವವರು ಬಾಗಿಲಿಗೆ ಬಂದರೆ ಏಣಿ ಹಿಡಿದುಕೊಳ್ಳಿ. ಗರಗಸದವನನ್ನು ಕರೆಯುವುದು ಒಂದು ಫೋನಿನ ಕೆಲಸ. ನೂರಾರು ವರ್ಷದ ಮರವನ್ನು ವಾಪಸ್ ಕರೆಯಲು ಯಾವ ಫೋನೂ ಇಲ್ಲ.